ಕಾಫಿಗೆ ಬೆಲೆ ಬಂದ ವರ್ಷ ನಾನು ಓದಿದ ಆಪ್: ಸೆಫಾರಿಯಾ

ಸೆಫಾರಿಯಾ ಯಹೂದಿ ಗ್ರಂಥಗಳ ಡಿಜಿಟಲ್ ಗ್ರಂಥಾಲಯ. ಫೋನಿಗೆ ಆಪ್ ಇದೆ, ಕಂಪ್ಯೂಟರಿನಲ್ಲೂ ತೆರೆಯಬಹುದು. ಪೂರ್ತಿ ಉಚಿತ. 2011ರಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆಯೊಂದು ಇದನ್ನು ನಡೆಸುತ್ತಿದೆ. ಟೋರಾ (ಬೈಬಲಿನ ಮೊದಲ ಐದು ಪುಸ್ತಕಗಳು), ಮಿಷ್ನಾ (ಹಳೆಯ ಕಾನೂನು ಸಂಗ್ರಹ), ತಾಲ್ಮುಡ್ (ಮಿಷ್ನಾದ ಮೇಲೆ ಪಂಡಿತರು ನಡೆಸಿದ ಚರ್ಚೆ), ಮಿದ್ರಾಷ್ (ಶಾಸ್ತ್ರವಾಕ್ಯಗಳ ವ್ಯಾಖ್ಯಾನ), ಮೈಮೊನಿಡಿಸ್ ಎಂಬ ಪಂಡಿತ ಬರೆದ ಕಾನೂನು ಸಂಗ್ರಹ, ಎಲ್ಲವೂ ಮೂಲ ಭಾಷೆಯಲ್ಲಿ ಸಿಗುತ್ತವೆ. ಬಹಳಷ್ಟಕ್ಕೆ ಇಂಗ್ಲಿಷ್ ಅನುವಾದವೂ ಜೊತೆಗಿದೆ. ಕೊಡಗಿನ ನಾಪೋಕ್ಲು ಹತ್ತಿರ ಒಂದಿಷ್ಟು ರೋಬಸ್ಟಾ ಕಾಫಿ, ಕರಿಮೆಣಸು ಬೆಳೆಯುವ ಹೆಂಗಸಿಗೆ ಇದರಿಂದ ಏನಾಗಬೇಕು ಅಂತ ನನ್ನ ತಂಗಿಯೇ ಕೇಳಿದಳು. ಅವಳಿಗೆ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಇದರ ಪರಿಚಯ ಆದದ್ದು ಕೊಚ್ಚಿಗೆ ಹೋಗಿ ಬಂದ ಮೇಲೆ. ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಯಹೂದಿ ಪ್ರಾರ್ಥನಾ ಮಂದಿರ ಇದೆ. ನೆಲಕ್ಕೆ ಚೀನಾದಿಂದ ತಂದ ನೀಲಿ-ಬಿಳಿ ಹಂಚು ಹಾಸಿದ್ದಾರೆ. ಅಲ್ಲಿಯ ಯಹೂದಿಗಳಲ್ಲಿ ಹೆಚ್ಚಿನವರು 1950ರ ದಶಕದಲ್ಲಿ ಇಸ್ರೇಲಿಗೆ ಹೋಗಿಬಿಟ್ಟರು. ಇಷ್ಟು ವರ್ಷ ಪಕ್ಕದ ರಾಜ್ಯದಲ್ಲೇ ಇದ್ದ ಜನ ಏನು ಓದುತ್ತಿದ್ದರು ಅನ್ನುವ ಕುತೂಹಲ ಹುಟ್ಟಿತು. ಮಗಳು ಫೋನಿಗೆ ಆಪ್ ಹಾಕಿಕೊಟ್ಟಳು.

ಓದು ಗಟ್ಟಿಯಾಗಿ ಹಿಡಿದದ್ದು ಮಾತ್ರ ಕಾಫಿ ಬೆಲೆ ಏರಿದಾಗ. 2024ರಲ್ಲಿ ರೋಬಸ್ಟಾ ಬೆಲೆ ಮೇಲೆ ಹೋಯಿತು. 2025ರ ಶುರುವಿಗೆ ನಮ್ಮ ಅಪ್ಪನ ಕಾಲದವರು ಕನಸಲ್ಲೂ ಕಾಣದ ದರ ಬಂತು. ವಿಯೆಟ್ನಾಂ, ಬ್ರೆಜಿಲ್‌ನಲ್ಲಿ ಬರ ಬಿದ್ದು ಬೆಳೆ ಕಡಿಮೆಯಾದದ್ದು ಅದಕ್ಕೆ ದೊಡ್ಡ ಕಾರಣ. ಆದರೆ ಮದುವೆ ಮನೆಯಲ್ಲಿ, ಸಂತೆಯಲ್ಲಿ, ಕಾಫಿ ಮಾರುವ ಕಡೆ ಎಲ್ಲ ಒಂದೇ ಮಾತು. ಇಷ್ಟು ವರ್ಷ ಕಷ್ಟಪಟ್ಟೆವು, ಈಗ ಫಲ ಬಂತು, ಅಂತ. ಕಷ್ಟಪಟ್ಟದ್ದು ನಿಜವೇ. ಆದರೂ ನನ್ನ ಮನಸ್ಸು ಪೂರ್ತಿ ಒಪ್ಪಲಿಲ್ಲ. ಎಲ್ಲೋ ಯಾರದೋ ತೋಟ ಒಣಗಿದ್ದಕ್ಕೆ ನಮ್ಮ ಕಣಕ್ಕೆ ದುಡ್ಡು ಬಂದಿದೆ. ಅದನ್ನು ಏನಂತ ಕರೆಯುವುದು?

ಆ ದಿನಗಳಲ್ಲಿ ನಾನು ತೆರೆದದ್ದು ಟೋರಾದ ಕೊನೆಯ ಪುಸ್ತಕ. ಕನ್ನಡ ಬೈಬಲಿನಲ್ಲಿ ಧರ್ಮೋಪದೇಶಕಾಂಡ ಅಂತ ಇರುವುದು ಅದೇ. ಎಂಟನೇ ಅಧ್ಯಾಯದಲ್ಲಿ ಮೋಶೆ ಜನರಿಗೆ ಹೇಳುವ ಮಾತಿದೆ. ಒಳ್ಳೆಯ ನಾಡಿಗೆ ಹೋಗುತ್ತೀರಿ. ಗೋಧಿ, ಜವೆ, ದ್ರಾಕ್ಷಿ, ಅಂಜೂರ, ದಾಳಿಂಬೆ ಬೆಳೆಯುವ ನಾಡು. ಉಂಡು ತೃಪ್ತರಾದಾಗ ದೇವರನ್ನು ಕೊಂಡಾಡಿ. ಒಳ್ಳೆಯ ಮನೆ ಕಟ್ಟುತ್ತೀರಿ, ದನಕರು ಹೆಚ್ಚುತ್ತವೆ, ಬೆಳ್ಳಿ ಬಂಗಾರ ಹೆಚ್ಚುತ್ತದೆ. ಆಗ ಮನಸ್ಸು ಉಬ್ಬೀತು, ಜೋಪಾನ. ನನ್ನ ಕೈಯ ಬಲದಿಂದಲೇ ಈ ಐಶ್ವರ್ಯ ಬಂತು ಅಂದುಕೊಂಡೀರಿ, ಜೋಪಾನ. ಐಶ್ವರ್ಯ ಗಳಿಸುವ ಶಕ್ತಿ ಕೊಟ್ಟವನು ಅವನು. ಸಂತೆಯಲ್ಲಿ ನಾನು ಕೇಳಿದ ಮಾತನ್ನು ಹೆಚ್ಚುಕಡಿಮೆ ಹಾಗೇ ಎತ್ತಿಕೊಂಡು ಉತ್ತರ ಕೊಟ್ಟ ಹಾಗಿತ್ತು.

ಇಷ್ಟನ್ನು ಬೈಬಲಿನಲ್ಲೂ ಓದಬಹುದು, ಅದಕ್ಕೆ ಈ ಆಪ್ ಯಾಕೆ ಅಂತ ಕೇಳಬಹುದು. ಇದರ ನಿಜವಾದ ಉಪಯೋಗ ಇರುವುದು ಮುಂದಿನ ಹೆಜ್ಜೆಯಲ್ಲಿ. ಯಾವುದೇ ಒಂದು ವಾಕ್ಯದ ಮೇಲೆ ಬೆರಳಿಟ್ಟರೆ ಇನ್ನೊಂದು ಪಟ್ಟಿ ತೆರೆಯುತ್ತದೆ. ಆ ವಾಕ್ಯವನ್ನು ಹಿಡಿದು ನಂತರದವರು ಎಲ್ಲೆಲ್ಲಿ ಏನೇನು ಹೇಳಿದರು, ವ್ಯಾಖ್ಯಾನಕಾರರು ಯಾರು, ತಾಲ್ಮುಡ್‌ನಲ್ಲಿ ಅದು ಯಾವ ಪುಟ, ಕಾನೂನು ಪುಸ್ತಕಗಳಲ್ಲಿ ಎಲ್ಲಿ, ಎಲ್ಲ ಸಾಲಾಗಿ ಬರುತ್ತವೆ. ಎರಡು ಸಾವಿರ ವರ್ಷದ ಚರ್ಚೆ ಒಂದು ಬೆರಳಿನ ದೂರದಲ್ಲಿ ಇದೆ. ಉಂಡು ತೃಪ್ತರಾದಾಗ ಅನ್ನುವ ಆ ವಾಕ್ಯದಿಂದ ಹೊರಟ ನಾನು, ಊಟ ತಿಂಡಿಗೆ ಹೇಳುವ ಆಶೀರ್ವಚನಗಳ (ದೇವರನ್ನು ಕೊಂಡಾಡುವ ಚಿಕ್ಕ ಮಾತುಗಳ) ಚರ್ಚೆ ಹಿಡಿದುಕೊಂಡು ತಾಲ್ಮುಡ್‌ನ ಬೆರಾಖೋಟ್ ಭಾಗದ 35ನೇ ಹಾಳೆ ತಲುಪಿದೆ.

ಅಲ್ಲಿ ಹೇಳುತ್ತಾರೆ, ಆಶೀರ್ವಚನ ಹೇಳದೆ ಈ ಲೋಕದ ಸುಖ ಅನುಭವಿಸಿದರೆ ಅದು ದೇವಸ್ವವನ್ನು ಸ್ವಂತಕ್ಕೆ ಬಳಸಿದ ಹಾಗೆ. ಒಬ್ಬ ರಬ್ಬಿಗೆ, ಅಂದರೆ ಯಹೂದಿ ಧರ್ಮಗುರುವಿಗೆ, ಬೈಬಲಿನ ಎರಡು ಕೀರ್ತನೆಗಳ ನಡುವೆ ಜಗಳ ಕಾಣಿಸುತ್ತದೆ. ಒಂದು ಕಡೆ ಭೂಮಿಯೆಲ್ಲ ದೇವರದು ಅಂತಿದೆ. ಇನ್ನೊಂದು ಕಡೆ ಭೂಮಿಯನ್ನು ಮನುಷ್ಯರಿಗೆ ಕೊಟ್ಟಿದ್ದಾನೆ ಅಂತಿದೆ. ಯಾವುದು ಸರಿ? ಎರಡೂ ಸರಿ, ಅನ್ನುತ್ತಾನೆ. ಆಶೀರ್ವಚನ ಹೇಳುವ ಮೊದಲು ದೇವರದು, ಹೇಳಿದ ಮೇಲೆ ನಿನ್ನದು. ಅದೇ ಹಾಳೆಯ ಹಿಂಬದಿಯಲ್ಲಿ ಇನ್ನೂ ಗಟ್ಟಿ ಮಾತಿದೆ. ಹೇಳದೆ ತಿನ್ನುವವನು ದೇವರನ್ನು ಮಾತ್ರ ದೋಚುವುದಿಲ್ಲ, ತನ್ನ ಸಮುದಾಯವನ್ನೂ ದೋಚುತ್ತಾನಂತೆ. ಒಂದು ಹಣ್ಣು ತಿನ್ನುವುದರಲ್ಲಿ ಇಷ್ಟು ಜನ ಪಾಲುದಾರರು ಇದ್ದಾರೆ ಅಂತ ನಾನು ಯೋಚಿಸಿರಲಿಲ್ಲ.

ಇನ್ನು ಸ್ವಲ್ಪ ಮುಂದೆ, 43ನೇ ಹಾಳೆಯಲ್ಲಿ, ಮರಗಳು ಹೂ ಬಿಡುವುದನ್ನು ನೋಡಿದಾಗ ಹೇಳಬೇಕಾದ ಆಶೀರ್ವಚನ ಇದೆ. ನಿಸಾನ್ ತಿಂಗಳಲ್ಲಿ, ಅಂದರೆ ಮಾರ್ಚ್-ಏಪ್ರಿಲ್ ಹೊತ್ತಿಗೆ. ತನ್ನ ಲೋಕದಲ್ಲಿ ಯಾವ ಕೊರತೆಯನ್ನೂ ಇಡದೆ ಒಳ್ಳೆಯ ಮರಗಳನ್ನು ಸೃಷ್ಟಿಸಿದವನಿಗೆ ಸ್ತುತಿ ಅನ್ನುವ ಅರ್ಥ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಕಳೆದು ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆ ಥರ ಘಮಘಮ ಅನ್ನುವಾಗ ನಮ್ಮ ಬಾಯಲ್ಲಿ ಬರುವುದು ಏನು? ಈ ಸಲ ಎಷ್ಟು ಮೂಟೆ ಅನ್ನುವ ಲೆಕ್ಕ, ಅಲ್ವಾ? ಲೆಕ್ಕ ಬೇಕು. ಅದಕ್ಕೂ ಮುಂಚೆ ಒಂದು ಮಾತು ಇರಲಿ ಅನ್ನುವುದು ನನಗೆ ತುಂಬಾ ಹಿಡಿಸಿತು.

ಇದೆಲ್ಲ ಬರೀ ಮಾತಿನಲ್ಲೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಯಹೂದಿ ಚಿಂತನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತಿನ ನಂತರದ ಕೆಲಸ. ಬೆಳೆ ಬಂತು, ಸರಿ. ಅದರಲ್ಲಿ ಯಾರ ಪಾಲು ಎಷ್ಟು, ಯಾವಾಗ ಬಿಡಬೇಕು, ಎಲ್ಲಿ ಬಿಡಬೇಕು? ಇದಕ್ಕೆ ಮಿಷ್ನಾದಲ್ಲಿ ಒಂದು ಇಡೀ ಭಾಗವೇ ಇದೆ. ಹೆಸರು ಪೇಯಾ, ಅಂದರೆ ಮೂಲೆ. ರೈತರು ಯಾರಾದರೂ ಸೆಫಾರಿಯಾ ಹಾಕಿಕೊಂಡರೆ ಮೊದಲು ಇದನ್ನೇ ಓದಿ ಅಂತ ಹೇಳುತ್ತೇನೆ.

ಇದರ ಮೂಲ ಟೋರಾದ ಯಾಜಕಕಾಂಡದ 19ನೇ ಅಧ್ಯಾಯ. ಹೊಲ ಕೊಯ್ಯುವಾಗ ಮೂಲೆಯವರೆಗೂ ಕೊಯ್ಯಬೇಡ, ಬಿದ್ದ ತೆನೆ ಹೆಕ್ಕಬೇಡ, ಬಡವನಿಗೂ ಪರದೇಶಿಗೂ ಬಿಡು, ಅಷ್ಟೇ ಇರುವುದು. ಕ್ರಿ.ಶ. 200ರ ಆಸುಪಾಸಿನಲ್ಲಿ ಸಂಗ್ರಹವಾದ ಮಿಷ್ನಾ ಇದನ್ನು ಬಿಡಿಸಿ ಬಿಡಿಸಿ ನೋಡುತ್ತದೆ. ಮೂಲೆ ಅಂದರೆ ಎಷ್ಟು? ಮೇಲಿನ ಮಿತಿ ಇಲ್ಲ, ಆದರೆ ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಆಗಬಾರದು. ಹೊಲ ಎಷ್ಟು ದೊಡ್ಡದು, ಬಡವರು ಎಷ್ಟು ಜನ ಅಂತಲೂ ನೋಡಬೇಕು. ಕೊಯ್ಯುವಾಗ ಕೈಯಿಂದ ಎರಡು ತೆನೆ ಬಿದ್ದರೆ ಬಡವರದು, ಮೂರು ಒಟ್ಟಿಗೆ ಬಿದ್ದರೆ ಮಾಲೀಕನದು. ಇದು ಹಿಲ್ಲೆಲ್ ಪಂಗಡದವರ ಲೆಕ್ಕ. ಶಮ್ಮಾಯ್ ಪಂಗಡದವರು ಮೂರು ಬಿದ್ದರೂ ಬಡವರದೇ, ನಾಲ್ಕಾದರೆ ಮಾಲೀಕನದು ಅನ್ನುತ್ತಾರೆ. ಒಂದು ತೆನೆಗಾಗಿ ದೊಡ್ಡ ದೊಡ್ಡ ಪಂಡಿತರು ವಾದ ಮಾಡಿದ್ದಾರೆ. ಓದುತ್ತಾ ನನಗೆ ಗೌರವ ಹೆಚ್ಚಾಯಿತು. ಬಡವರಿಗೆ ಕೊಡಿ ಅಂತ ಹೇಳುವುದು ಸುಲಭ. ಎಷ್ಟು ಅಂತ ಕೂತು ತೀರ್ಮಾನ ಮಾಡುವವರು ಕಡಿಮೆ.

ಐದನೇ ಅಧ್ಯಾಯದಲ್ಲಿ ಒಂದು ಮಾತಿದೆ. ಬಡವರನ್ನು ಹೆಕ್ಕಲು ಬಿಡದವನು, ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ತಡೆಯುವವನು, ಅವರಲ್ಲಿ ಒಬ್ಬನಿಗೆ ಮಾತ್ರ ಸಹಾಯ ಮಾಡುವವನು, ಇವರೆಲ್ಲ ಬಡವರನ್ನು ದೋಚುವವರು. ದೋಚುವುದು ಅನ್ನುವ ಪದವೇ ಇರುವುದು. ಅಂದರೆ ಆ ಮೂಲೆಯ ಬೆಳೆ ಮಾಲೀಕನ ದಾನವೇ ಅಲ್ಲ. ಅದು ಮೊದಲಿಂದಲೂ ಅವರದು. ನನಗೆ ಬೇಕಾದ ಕೆಲಸದವಳಿಗೆ ಸ್ವಲ್ಪ ಜಾಸ್ತಿ, ಎದುರು ಮಾತಾಡುವವಳಿಗೆ ಕಡಿಮೆ, ಈ ಆಟ ಅಲ್ಲಿ ನಡೆಯುವುದಿಲ್ಲ. ತೋಟ ನಡೆಸಿದವರಿಗೆ ಇದು ಎಷ್ಟು ಹತ್ತಿರದ ಮಾತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ತಾಲ್ಮುಡ್‌ನ ಶಬ್ಬಾತ್ ಭಾಗದಲ್ಲಿ ರಬ್ಬಿ ಶಿಮೋನ್ ಇನ್ನೊಂದು ವಿಷಯ ಹೇಳುತ್ತಾನೆ. ಪಾಲು ಬಿಡುವುದು ಹೊಲದ ಕೊನೆಯಲ್ಲೇ ಯಾಕೆ? ನಡುವೆ ಎಲ್ಲೋ ಬಿಟ್ಟರೆ, ಯಾರೂ ಇಲ್ಲದ ಹೊತ್ತು ನೋಡಿ ಮಾಲೀಕ ತನ್ನ ನೆಂಟನಿಗೆ ಕೊಟ್ಟುಬಿಡಬಹುದು. ಬಡವರು ಇವತ್ತು ಬಿಡುತ್ತಾನೋ ನಾಳೆ ಬಿಡುತ್ತಾನೋ ಅಂತ ಕಾದು ಕೂರಬೇಕಾಗುತ್ತದೆ. ದಾರಿಹೋಕರು ಇವನು ಏನೂ ಬಿಡಲಿಲ್ಲ ಅಂದುಕೊಳ್ಳುತ್ತಾರೆ. ಜೊತೆಗೆ ಮೂಲೆಯನ್ನು ಪೂರ್ತಿ ಕೊಯ್ಯಬೇಡ ಅಂತ ಶಾಸ್ತ್ರವೇ ಹೇಳಿದೆ. ಬಡವರ ಸಮಯಕ್ಕೂ ಬೆಲೆ ಇದೆ ಅಂತ ಆ ಕಾಲದಲ್ಲೇ ಕಾನೂನು ಯೋಚಿಸಿತ್ತು. ಒಂದು ಸಹಿಗಾಗಿ ಕಚೇರಿಯ ಬೆಂಚಿನ ಮೇಲೆ ಇಡೀ ದಿನ ಕೂತು ಬಂದವರನ್ನು ನಾನು ನೋಡಿದ್ದೇನೆ. ಆ ಒಂದು ಸಾಲನ್ನು ಎರಡೆರಡು ಸಲ ಓದಿದೆ.

ಕಾಫಿಗೆ ಇದು ಹೊಂದುತ್ತದಾ ಅಂತ ನಾನೂ ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರೂ ಒಂದು ಸಂಜೆ ಪೂರ್ತಿ ವಾದ ಮಾಡಿದೆವು. ಈ ಹೊಲದ ನಿಯಮಗಳು ಮುಖ್ಯವಾಗಿ ಇಸ್ರೇಲ್ ನೆಲಕ್ಕೆ, ಯಹೂದಿಗಳಿಗೆ ಸೇರಿದ್ದು. ನಮಗೆ ಕಟ್ಟುಪಾಡು ಇಲ್ಲ. ಆದರೂ ನೋಡೋಣ ಅಂತ. ಮಿಷ್ನಾ ಐದು ಲಕ್ಷಣ ಹೇಳುತ್ತದೆ. ಅದು ಆಹಾರ ಆಗಿರಬೇಕು, ಕಾವಲು ಇರುವ ಬೆಳೆ ಆಗಿರಬೇಕು, ನೆಲದಿಂದ ಬೆಳೆಯಬೇಕು, ಒಟ್ಟಿಗೆ ಕೊಯ್ಲಿಗೆ ಬರಬೇಕು, ಕೂಡಿಟ್ಟು ಬಳಸುವಂಥದ್ದಾಗಿರಬೇಕು. ಮರಗಳಲ್ಲಿ ಆಲಿವ್, ಖರ್ಜೂರ, ಬಾದಾಮಿ, ದಾಳಿಂಬೆ ಎಲ್ಲ ಪಟ್ಟಿಯಲ್ಲಿವೆ. ರೋಬಸ್ಟಾ ಹೆಚ್ಚುಕಡಿಮೆ ಒಟ್ಟಿಗೆ ಕೊಯ್ಲಾಗುತ್ತದೆ. ಅರೇಬಿಕಾ ಹಣ್ಣಾದ ಹಾಗೆ ಕೆಲವು ಸುತ್ತು ಬೇಕು. ಹಾಗಾದರೆ ರೋಬಸ್ಟಾಗೆ ಉಂಟು, ಅರೇಬಿಕಾಗೆ ಇಲ್ಲವಾ? ಕಾಫಿ ಆಹಾರವೇ ಅಂತ ಮೇಷ್ಟ್ರು ಪಟ್ಟು ಹಿಡಿದರು. ಅವರಿಗೆ ಬೆಳಿಗ್ಗೆ ಅದಿಲ್ಲದೆ ಆಗುವುದಿಲ್ಲ.

ಇನ್ನೊಂದು ತೊಡಕು ಇದೆ. ಗಿಡದಲ್ಲಿ, ನೆಲದಲ್ಲಿ ಕಾಯಿ ಉಳಿದರೆ ಕಾಯಿ ಕೊರಕ ಹುಳು ಅದರಲ್ಲೇ ಬೆಳೆದು ಮುಂದಿನ ಬೆಳೆಗೆ ಏರುತ್ತದೆ. ಆದ್ದರಿಂದ ಉದುರಿದ್ದನ್ನೂ ಹೆಕ್ಕಿ ತೋಟ ಚೊಕ್ಕ ಮಾಡಲೇಬೇಕು. ಮೂಲೆ ಬಿಡುವುದು ನಮ್ಮಲ್ಲಿ ಆಗದ ಕೆಲಸ. ಹಾಗಾಗಿ ನಾವು ಒಂದು ದಾರಿ ಮಾಡಿಕೊಂಡೆವು. ನೆಲದ ಕಾಯಿ ಹೆಕ್ಕಿದ ಕೂಲಿ ಕೂಲಿಯೇ. ಅದರ ಮೇಲೆ, ಆ ನೆಲದ ಕಾಯಿ ಮಾರಿ ಬಂದದ್ದು ಆ ಸಲ ಹೆಕ್ಕಿದ ಎಲ್ಲರಿಗೂ ಸಮ ಪಾಲು. ಅಸ್ಸಾಮಿನಿಂದ ಬಂದು ಕೆಲಸದವರ ಲೈನ್ ಮನೆಯಲ್ಲಿ ಇರುವವರಿಗೂ ಅಷ್ಟೇ, ಊರಿನ ಯರವ ಬುಡಕಟ್ಟಿನ ಹೆಂಗಸರಿಗೂ ಅಷ್ಟೇ. ಪರದೇಶಿಯನ್ನು ನಿನ್ನಂತೆಯೇ ಪ್ರೀತಿಸು, ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ ಅನ್ನುವ ವಾಕ್ಯವೂ ಅದೇ 19ನೇ ಅಧ್ಯಾಯದಲ್ಲೇ ಇದೆ. ಇಲ್ಲಿ ಕೊಯ್ಲು ನಡೆಯುತ್ತಿರುವುದೇ ದೂರದಿಂದ ಬಂದವರ ಕೈಯಿಂದ. ಆ ವಾಕ್ಯವನ್ನು ಕೊಡಗಿನಲ್ಲಿ ಕೂತು ಓದಿದರೆ ಬೇರೆ ಥರ ಕೇಳಿಸುತ್ತದೆ.

ಹೊಸ ಮನೆಯ ವಿಷಯ ಹೇಳದೆ ಇರಲಾರೆ. ಬೆಲೆ ಬಂದ ಮೇಲೆ ನಮ್ಮ ಕಡೆ ಮನೆ ಕಟ್ಟುವ ಕೆಲಸ ಜೋರಾಗಿ ನಡೆದಿದೆ. ಧರ್ಮೋಪದೇಶಕಾಂಡ 22ರಲ್ಲಿ ಒಂದು ನಿಯಮ ಇದೆ. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಅಡ್ಡಗೋಡೆ ಕಟ್ಟು, ಯಾರಾದರೂ ಬಿದ್ದರೆ ರಕ್ತದ ಹೊಣೆ ನಿನ್ನ ಮನೆಯ ಮೇಲೆ ಬರುತ್ತದೆ. ಮೈಮೊನಿಡಿಸ್ 12ನೇ ಶತಮಾನದವನು, ವೈದ್ಯ, ಈಜಿಪ್ಟಿನಲ್ಲಿ ಬಾಳಿದವನು. ಆ ಗೋಡೆ ಹತ್ತು ಹಿಡಿ ಎತ್ತರಕ್ಕೆ ಕಡಿಮೆ ಇರಬಾರದು, ಒರಗಿದವನು ಬೀಳದಷ್ಟು ಗಟ್ಟಿ ಇರಬೇಕು ಅಂತ ಬರೆಯುತ್ತಾನೆ. ತಾಲ್ಮುಡ್‌ನಲ್ಲಿ ರಬ್ಬಿ ನಾತಾನ್ ಇದೇ ವಾಕ್ಯವನ್ನು ಇನ್ನೂ ಚಾಚುತ್ತಾನೆ. ಕಚ್ಚುವ ನಾಯಿ ಸಾಕಬೇಡ, ಅಲುಗಾಡುವ ಏಣಿಯನ್ನು ಮನೆಯಲ್ಲಿ ಇಡಬೇಡ.

ಅಲುಗಾಡುವ ಏಣಿ! ಕರಿಮೆಣಸು ಬೆಳೆಯುವವರು ಈ ಸಾಲನ್ನು ಓದಬೇಕು. ಸಿಲ್ವರ್ ಓಕ್ ಮರಕ್ಕೆ ಬಳ್ಳಿ ಏರಿಸಿ, ಅದಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ, ಗೋಣಿ ಕಟ್ಟಿಕೊಂಡು ಹತ್ತುವವರು ಬೇರೆಯವರ ಮಕ್ಕಳು. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಕಾರ್ಮಿಕರು ಸತ್ತ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. ಮೆಣಸಿಗೆ ಬಂದ ದರ ಆಶೀರ್ವಾದ ಅನ್ನುವುದಾದರೆ ಆ ಏಣಿಯೂ ಅದರ ಜೊತೆಗೇ ಬಂದ ಲೆಕ್ಕ. ಬೆಲೆ ಬಂದ ವರ್ಷ ನಾವು ಮೊದಲು ಕೊಂಡದ್ದು ಕರೆಂಟ್ ಹರಿಯದ ಫೈಬರ್ ಏಣಿಗಳನ್ನು. ತೋಟದ ಮೇಲೆ ತಂತಿ ಹಾದುಹೋಗುವ ಕಡೆ ಮರಗಳಿಗೆ ಕೆಂಪು ಬಣ್ಣ ಬಳಿಸಿದೆವು. ಅಲ್ಲಿ ಲೈನ್ ಆಫ್ ಮಾಡಿಸದೆ ಯಾರೂ ಹತ್ತುವ ಹಾಗಿಲ್ಲ.

ಮಿಷ್ನಾದ ಬೆರಾಖೋಟ್ ಭಾಗದ ಕೊನೆಯ ಅಧ್ಯಾಯ ಓದಿದ್ದು ಆಗಸ್ಟ್ ತಿಂಗಳ ಮಳೆಯಲ್ಲಿ. ಹೊಸ ಮನೆ ಕಟ್ಟಿದವನು, ಹೊಸ ವಸ್ತು ಕೊಂಡವನು ನಮ್ಮನ್ನು ಈ ದಿನದವರೆಗೆ ಉಳಿಸಿದವನಿಗೆ ಸ್ತುತಿ ಅನ್ನಬೇಕು ಅಂತ ಅಲ್ಲಿದೆ. ಅದೇ ಪ್ಯಾರಾದಲ್ಲಿ ಇನ್ನೊಂದು ಮಾತು. ದಾರಿಯಲ್ಲಿ ಬರುವಾಗ ಊರಿನಿಂದ ಕೂಗು ಕೇಳಿಸಿತು. ಅದು ನನ್ನ ಮನೆಯವರದ್ದು ಆಗದಿರಲಿ ಅಂತ ಬೇಡಿಕೊಂಡರೆ ಅದು ವ್ಯರ್ಥ ಪ್ರಾರ್ಥನೆ. ಆದದ್ದು ಆಗಿಹೋಗಿದೆ ಅನ್ನುವುದು ಮಿಷ್ನಾದ ಕಾರಣ. ನನಗೆ ಅದರಲ್ಲಿ ಇನ್ನೊಂದು ಕೇಳಿಸುತ್ತದೆ. ನನ್ನದಲ್ಲ ಅಂದರೆ ಇನ್ಯಾರದೋ ಆಗಲಿ ಅಂತಲೇ ಅಲ್ವಾ? 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದಾಗ ನಮ್ಮ ಮನೆ ಉಳಿಯಿತು. ಆ ರಾತ್ರಿ ಸಾವಿರಾರು ಜನ ಅಂಥದೇ ಪ್ರಾರ್ಥನೆ ಮಾಡಿರುತ್ತಾರೆ, ಯಾರನ್ನೂ ಬೈಯುವ ಹಾಗಿಲ್ಲ. ಮನೆ ಉಳಿದವರ ಮೇಲೆ ಏನು ಹೊಣೆ ಬಿತ್ತು ಅನ್ನುವುದು ಆಮೇಲಿನ ಪ್ರಶ್ನೆ. ಆಗ ಪರಿಹಾರ ಕೇಂದ್ರಗಳಿಗೆ ಅಕ್ಕಿ, ಕಂಬಳಿ ಹೊತ್ತವರು ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ದರು ಅಂತ ಈಗ ಅನ್ನಿಸುತ್ತದೆ.

ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಓದಲು ಎರಡು ಜಾಗ ಹೇಳುತ್ತೇನೆ. ಒಂದು, ಧರ್ಮೋಪದೇಶಕಾಂಡ 26. ಮೊದಲ ಫಲವನ್ನು ಬುಟ್ಟಿಯಲ್ಲಿ ತಂದು ದೇವರ ಮುಂದೆ ಇಡುವ ವಿಧಿ. ನಮ್ಮಲ್ಲಿ ಹೊಸ ಕದಿರು ತೆಗೆದು ಮನೆಗೆ ತರುವುದನ್ನು ಕಂಡವರಿಗೆ ಅದು ತಕ್ಷಣ ಹತ್ತಿರ ಅನ್ನಿಸುತ್ತದೆ. ಆದರೆ ಅಲ್ಲಿ ಮುಂದೆ ಇನ್ನೊಂದು ಇದೆ. ಮೂರನೇ ವರ್ಷದ ದಶಮಾಂಶವನ್ನು (ಹತ್ತರಲ್ಲಿ ಒಂದು ಪಾಲು) ದೇವಸೇವೆಯ ಲೇವಿ ಕುಲದವನಿಗೆ, ಪರದೇಶಿಗೆ, ಅನಾಥನಿಗೆ, ವಿಧವೆಗೆ ಕೊಟ್ಟು ಮುಗಿಸಿದ ಮೇಲೆ, ನನ್ನ ಮನೆಯಲ್ಲಿ ಏನೂ ಉಳಿಸಿಕೊಂಡಿಲ್ಲ ಅಂತ ದೇವರ ಮುಂದೆ ಬಾಯಿಬಿಟ್ಟು ಹೇಳಬೇಕು. ಲೆಕ್ಕ ಒಪ್ಪಿಸಿದ ಹಾಗೆ. ಎರಡನೆಯದು, ಹಬ್ಬದ ನಿಯಮಗಳಲ್ಲಿ ಮೈಮೊನಿಡಿಸ್ ಬರೆದದ್ದು. ಬಾಗಿಲು ಹಾಕಿಕೊಂಡು ಹೆಂಡತಿ ಮಕ್ಕಳ ಜೊತೆ ಉಂಡು ಕುಡಿದು, ಬಡವರಿಗೆ, ನೊಂದವರಿಗೆ ಉಣಿಸದವನ ಸಂತೋಷ ಹಬ್ಬದ ಸಂತೋಷ ಅಲ್ಲ, ಅದು ಹೊಟ್ಟೆಯ ಸಂತೋಷ. ನಮ್ಮಲ್ಲಿ ಈಗ ಹಬ್ಬಕ್ಕೆ ಗೇಟು ಹಾಕುವ ಮನೆಗಳು ಜಾಸ್ತಿ ಆಗುತ್ತಿವೆ. ಅದಕ್ಕೇ ಹೇಳಿದೆ.

ದಾನದ ಎಂಟು ಮೆಟ್ಟಿಲು ಅಂತ ಮೈಮೊನಿಡಿಸನದೇ ಪ್ರಸಿದ್ಧ ಭಾಗ ಇದೆ. ಎಲ್ಲಕ್ಕಿಂತ ಮೇಲಿನದು ಸಾಲ ಕೊಟ್ಟೋ, ಪಾಲುದಾರ ಮಾಡಿಕೊಂಡೋ, ಕೆಲಸ ಕೊಡಿಸಿಯೋ ಒಬ್ಬನನ್ನು ಮತ್ತೆ ಕೈಚಾಚದ ಹಾಗೆ ನಿಲ್ಲಿಸುವುದು. ಇದು ಬೇರೆ ಕಡೆಯೂ ಓದಲು ಸಿಗುತ್ತದೆ, ಹೆಚ್ಚು ಹೇಳುವುದಿಲ್ಲ. ತಾಲ್ಮುಡ್‌ನ ಗಿಟ್ಟಿನ್ ಭಾಗದಲ್ಲಿರುವ ಇನ್ನೊಂದು ನಿಯಮ ಅಷ್ಟು ಪ್ರಸಿದ್ಧವಲ್ಲ. ದಾನ ಪಡೆದು ಬದುಕುವ ಬಡವನೂ ದಾನ ಕೊಡಬೇಕು. ಮೊದಲು ಕಠಿಣ ಅನ್ನಿಸಿತು. ನಮ್ಮ ಲೈನ್ ಮನೆಯ ಹೆಂಗಸು ತನ್ನ ಪಾಲಿನ ಅಕ್ಕಿಯಲ್ಲಿ ಒಂದು ಹಿಡಿಯನ್ನು ಕಾಯಿಲೆ ಬಿದ್ದ ನೆರೆಯವಳಿಗೆ ತೆಗೆದಿಡುವುದನ್ನು ನೋಡಿದ ಮೇಲೆ ಅರ್ಥವಾಯಿತು. ಕೊಡುವ ಹಕ್ಕನ್ನು ಅವಳಿಂದ ಯಾರೂ ಕಿತ್ತುಕೊಳ್ಳಬಾರದು.

ಈಗ ಬಳಸುವವರಿಗೆ ತಿಳಿದಿರಬೇಕಾದದ್ದು. ಆಪ್ ಇರುವುದು ಇಂಗ್ಲಿಷ್ ಮತ್ತು ಹೀಬ್ರೂನಲ್ಲಿ. ಕನ್ನಡ ಇಲ್ಲ. ಅನುವಾದಗಳು ಬೇರೆ ಬೇರೆ ಕಾಲದ, ಬೇರೆ ಬೇರೆ ಜನರ ಕೆಲಸ, ಹಾಗಾಗಿ ಭಾಷೆ ಒಂದೇ ಸಮ ಇರುವುದಿಲ್ಲ. ಕೆಲವು ವ್ಯಾಖ್ಯಾನಗಳು ಹೀಬ್ರೂನಲ್ಲಿ ಮಾತ್ರ ಇವೆ. ತಾಲ್ಮುಡ್ ಮಾತ್ರ ಚಿಂತೆ ಇಲ್ಲ. ರಬ್ಬಿ ಸ್ಟೈನ್‌ಸಾಲ್ಟ್ಸ್ ಅವರ ವಿವರಣೆ ಸೇರಿದ ಇಂಗ್ಲಿಷ್ ಅನುವಾದ 2017ರಿಂದ ಉಚಿತವಾಗಿ ಸಿಗುತ್ತಿದೆ. ಮೂಲದ ಪದಗಳು ದಪ್ಪ ಅಕ್ಷರದಲ್ಲಿ, ವಿವರಣೆ ತೆಳು ಅಕ್ಷರದಲ್ಲಿ ಇರುತ್ತದೆ. ಯಾವುದು ಗ್ರಂಥ, ಯಾವುದು ವಿವರಣೆ ಅಂತ ಗೊಂದಲ ಆಗುವುದಿಲ್ಲ. ಹುಡುಕುವ ಜಾಗದಲ್ಲಿ ಸುಮ್ನೆ ಒಂದು ಪದ ಹಾಕಿದರೆ ರಾಶಿ ಬಂದು ಬೀಳುತ್ತದೆ. ಅಧ್ಯಾಯದ ಹೆಸರು, ಸಂಖ್ಯೆ ಹಾಕಿ ಹೋಗುವುದೇ ಒಳ್ಳೆಯದು.

ಒಬ್ಬರೇ ಓದಬೇಡಿ ಅಂತ ನನ್ನ ಸಲಹೆ. ಯಹೂದಿಗಳೇ ಇದನ್ನು ಇಬ್ಬಿಬ್ಬರು ಜೋಡಿಯಾಗಿ ಕೂತು, ಜೋರಾಗಿ ವಾದ ಮಾಡುತ್ತಾ ಓದುವವರು. ತಾಲ್ಮುಡ್‌ನಲ್ಲಿ ಒಬ್ಬನ ಮಾತನ್ನೇ ಕೊನೆಯ ತೀರ್ಪು ಅಂತ ಹಿಡಿದುಕೊಂಡರೆ ದಾರಿ ತಪ್ಪುತ್ತದೆ, ಮುಂದಿನ ಸಾಲಿನಲ್ಲೇ ಇನ್ನೊಬ್ಬ ಅದನ್ನು ಬೀಳಿಸಿರುತ್ತಾನೆ. ಮೇಷ್ಟ್ರು ಇಲ್ಲದಿದ್ದರೆ ನಾನು ಪೇಯಾ ಭಾಗವನ್ನು ಅರ್ಧಕ್ಕೇ ಬಿಡುತ್ತಿದ್ದೆ.

ಹೊಸಬರು ಧರ್ಮೋಪದೇಶಕಾಂಡ 8ರಿಂದ ಶುರು ಮಾಡಿ, ಆಮೇಲೆ ಪೇಯಾದ ಮೊದಲ ಅಧ್ಯಾಯ, ಆಮೇಲೆ ಬೆರಾಖೋಟ್ 35. ಆಪ್‌ನಲ್ಲಿ ಗ್ರಂಥಗಳನ್ನು ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ಓದಬಹುದು. ಪೂರ್ತಿ ಗ್ರಂಥಾಲಯ ಇಳಿಸಿದರೆ ಫೋನಿನಲ್ಲಿ ಜಾಗ ಬಹಳ ಹಿಡಿಯುತ್ತದೆ, ಟೋರಾ, ಮಿಷ್ನಾ, ತಾಲ್ಮುಡ್ ಮೂರು ಸಾಕು. ಮಡಿಕೇರಿಗೋ ವಿರಾಜಪೇಟೆಗೋ ಹೋದಾಗ ಒಳ್ಳೆಯ ವೈಫೈ ಸಿಕ್ಕ ಕಡೆ ಇಳಿಸಿಕೊಂಡು ಬನ್ನಿ. ಜೂನ್ ಆದ ಮೇಲೆ ನಮ್ಮ ಕಡೆ ಕರೆಂಟೂ ಇರುವುದಿಲ್ಲ, ಟವರೂ ಇರುವುದಿಲ್ಲ. ಓದಲು ಬಿಡುವು ಸಿಗುವುದೂ ಆಗಲೇ.